ಮಲಗಿದ್ದ ಬಾಟಲಿಯನ್ನು ಎಬ್ಬಿಸಿದ್ದು

ಹೊಲಿಗೆಯವಳಿಗೆ ಇಬ್ಬರು ಮಕ್ಕಳು ಎಂದು ಅಕ್ಕಪಕ್ಕದ ಮನೆಯವರು ತಮಾಷೆ ಮಾಡುತ್ತಿದ್ದರು. ಒಬ್ಬಳು ನಿಜವಾದ ಮಗಳು. ಇನ್ನೊಂದು, ಆ ಮಗಳು ಹುಟ್ಟಿದ ವರ್ಷವೇ ಮನೆಗೆ ಬಂದು ಬೀರುವಿನ ಕೆಳಗಿನ ಖಾನೆಯಲ್ಲಿ ಮಲಗಿದ ಕೆಂಪು ವೈನಿನ ಬಾಟಲಿ. ಮಗಳು ಅಂಬೆಗಾಲಿಟ್ಟಳು, ಓಡಿದಳು, ಶಾಲೆ ಮುಗಿಸಿದಳು, ಹಲ್ಲಿನ ಡಾಕ್ಟರ ಬಳಿ ಕೆಲಸಕ್ಕೂ ಸೇರಿದಳು. ಬಾಟಲಿ ಮಾತ್ರ ಮಗ್ಗುಲು ಬದಲಿಸದೆ ಮಲಗಿಯೇ ಇತ್ತು. ಮನೆಯವರು ಅದನ್ನು ‘ದೊಡ್ಡವರು’ ಎಂದೇ ಕರೆಯುತ್ತಿದ್ದರು. “ಸ್ವಲ್ಪ ಮೆತ್ತಗೆ, ದೊಡ್ಡವರು ಮಲಗಿದ್ದಾರೆ” ಎಂದರೆ ಆ ಮನೆಯಲ್ಲಿ ಅಜ್ಜಿ ಮಲಗಿದ್ದಾರೆ ಎಂದು ಅರ್ಥವಲ್ಲ.

ಬಾಟಲಿ ತಂದುಕೊಟ್ಟವರು ಹೊಲಿಗೆಯವಳ ಅಪ್ಪ. ದ್ರಾಕ್ಷಿ ತೋಟವೊಂದರ ನೆಲಮಾಳಿಗೆಯಲ್ಲಿ ವೈನ್ ನೋಡಿಕೊಳ್ಳುವ ಮೇಸ್ತ್ರಿ. ಪೀಪಾಯಿಗಳ ನಡುವೆ ಇದ್ದೂ ಇದ್ದೂ ಅವರ ನಡಿಗೆಯೇ ಬೇರೆಯಾಗಿತ್ತು. ನೆಲಕ್ಕೆ ಈಗಷ್ಟೇ ನಿದ್ದೆ ಹತ್ತಿದೆಯೇನೋ ಎಂಬಂತೆ ಕಾಲಿಡುತ್ತಿದ್ದರು. ಅಂಥವರ ಹೊಟ್ಟೆಯಲ್ಲಿ ಇವಳು ಹುಟ್ಟಿದ್ದಳು. ಚಿಕ್ಕಂದಿನಲ್ಲಿ ಇವಳು ನಡೆದದ್ದನ್ನು ಕಂಡವರಿಲ್ಲ, ಹಾರಿದ್ದನ್ನೇ ಕಂಡವರು. ಒಮ್ಮೆ ನೆಲಮಾಳಿಗೆಗೆ ಹಾಡುತ್ತ ನುಗ್ಗಿ, ಒರಗಿಸಿಟ್ಟ ಹಲಗೆಗೆ ಡಿಕ್ಕಿ ಹೊಡೆದು, ಒಂದು ಸಾಲು ಬಾಟಲಿಗಳನ್ನೇ ಕೆಳಗೆ ತಂದಿದ್ದಳು. ಅಂದಿನಿಂದ ಅಪ್ಪ ಅವಳಿಗೆ ‘ಬಿರುಗಾಳಿ’ ಎಂದು ಹೆಸರಿಟ್ಟು, ನೆಲಮಾಳಿಗೆಯ ಬಾಗಿಲಲ್ಲೇ ಅವಳ ಗಡಿ ಗೆರೆ ಎಳೆದರು.

ಆ ಗೆರೆಯ ಆಚೆ ನಿಂತು ಅವಳು ನೋಡಿದ್ದರಲ್ಲಿ ಒಂದು ಮಾತ್ರ ಮನಸ್ಸಿನಿಂದ ಹೋಗಲೇ ಇಲ್ಲ. ಹಳೆಯ ಬಾಟಲಿ ತೆರೆದಾಗ ತಿಳಿಯಾದ ವೈನೆಲ್ಲ ಅತಿಥಿಗಳಿಗೆ ಹೋಗುತ್ತಿತ್ತು. ಕೊನೆಯಲ್ಲಿ ತಳದ ಗಸಿಯೊಂದಿಗೆ ಒಂದೆರಡು ಗುಟುಕು ಉಳಿಯುತ್ತದಲ್ಲ, ಅದು ಆ ಬಾಟಲಿಯನ್ನು ಕಾಪಾಡಿದವರಿಗೆ. ಅದಕ್ಕೆ ‘ಗಸಿ ಪಾಲು’ ಎನ್ನುತ್ತಿದ್ದರು. ಅಪ್ಪ ಅದನ್ನು ಕಣ್ಣು ಮುಚ್ಚಿ ಕುಡಿದು, ಏನೂ ಹೇಳದೆ ಗ್ಲಾಸು ಕೆಳಗಿಡುತ್ತಿದ್ದರು. ಅವಳ ಅಣ್ಣ ದೊಡ್ಡವನಾಗಿ ಅಲ್ಲೇ ಕೆಲಸಕ್ಕೆ ಸೇರಿದ ಮೇಲೆ ಅವನಿಗೂ ಆ ಪಾಲು ಸಿಕ್ಕಿತು. ಅವನೂ ಕಣ್ಣು ಮುಚ್ಚಿದ. ಅದೆಂಥ ಅಮೃತವೋ ಎಂದು ಇವಳು ಹೊಸ್ತಿಲಲ್ಲಿ ನಿಂತು ಉಗುಳು ನುಂಗಿದ್ದಳು.

ಹೀಗಿರುವಾಗ ಮೊಮ್ಮಗಳು ಹುಟ್ಟಿದಳೆಂದು ಅಪ್ಪ ಬಾಟಲಿ ತಂದು ಇವಳ ಕೈಗೆ ಕೊಟ್ಟಾಗ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. “ಏನಪ್ಪಾ ಇದು, ಬಿರುಗಾಳಿ ಕೈಗೆ ದೀಪ ಕೊಡ್ತಿದ್ದೀರಲ್ಲ!”

ಅಪ್ಪ ನಗಲಿಲ್ಲ. “ಮಲಗಿಸಿಡು. ನಿಲ್ಲಿಸಿದರೆ ಬಿರಡೆ ಒಣಗಿ ಒಳಗೆ ಗಾಳಿ ಹೋಗುತ್ತೆ. ಬೆಳಕು ಬೇಡ, ಬಿಸಿ ಬೇಡ, ಅಲ್ಲಾಡಿಸೋದು ಬೇಡ. ಇವಳು ದುಡಿಯೋ ಹಾಗಾದ ಮೇಲೆ ನಾನೇ ಬಂದು ತೆಗೀತೀನಿ” ಎಂದಷ್ಟೇ ಹೇಳಿದರು.

ಅಣ್ಣನ ನಗು ಅವಳ ಕಿವಿಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತು. ತಾನೂ ಒಂದು ವಸ್ತುವನ್ನು ಅದರ ಪಾಡಿಗೆ ಬಿಡಬಲ್ಲೆ ಎಂದು ಅಪ್ಪನಿಗೆ ತೋರಿಸದೆ ಇದ್ದರೆ ತನ್ನ ಹೆಸರು ಬಿರುಗಾಳಿಯೇ ಅಲ್ಲ ಎಂದುಕೊಂಡಳು. ಆಮೇಲೆ ಅದೇ ಹೆಸರು ಹೋಗಲಿ ಎಂದಲ್ಲವೇ ಇಷ್ಟೆಲ್ಲ ಎಂದು ನೆನಪಾಗಿ ತಾನೇ ನಕ್ಕಳು.

ಹೊಲಿಗೆ ಮೆಷಿನ್ನಿನ ಅದುರು ತಟ್ಟಬಾರದೆಂದು ಅದನ್ನು ಆ ಕೋಣೆಯಿಂದ ಎತ್ತಿಸಿ ಹೊರಗಿನ ಪಡಸಾಲೆಗೆ ಹಾಕಿಸಿದಳು. ಮಗಳ ಚೆಂಡು, ಹಗ್ಗದ ಆಟ, ಮಂಚದ ಮೇಲಿನಿಂದ ನೆಗೆಯುವುದು ಎಲ್ಲ ಬೀದಿಗೆ ವರ್ಗವಾದವು. ಗಂಡ ಬಸ್ ಚಾಲಕ. ರಸ್ತೆಯ ಉಬ್ಬುಗಳ ಮೇಲೆ ಧಡ್ ಎಂದು ಹಾರಿಸಿಕೊಂಡು ಬರುವ ಮನುಷ್ಯ ಮನೆಯೊಳಗೆ ಬಂದೊಡನೆ ಬೆಕ್ಕಾಗುತ್ತಿದ್ದ. “ನನ್ನ ಶಾಲಿಗೆ ಗೋಡೆಯ ಮೊಳೆ, ಬಾಟಲಿಗೆ ಬೀರು ಖಾನೆ” ಎಂದು ಮೊದಮೊದಲು ಗೊಣಗಿದ ಅತ್ತೆ, ಒಂದು ಬೇಸಿಗೆಯಲ್ಲಿ ತಾವಾಗಿಯೇ ಆ ಶಾಲನ್ನು ಒದ್ದೆ ಮಾಡಿ ಹಿಂಡಿ ಬಾಟಲಿಗೆ ಹೊದಿಸಿದರು.

ಎಲ್ಲಕ್ಕಿಂತ ದೊಡ್ಡ ನಿಯಮ ಒಂದಿತ್ತು. ಅದನ್ನು ಅವಳು ಮನೆಯವರಿಗೆ ಮಗ್ಗಿಯಂತೆ ಬಾಯಿಪಾಠ ಮಾಡಿಸಿದ್ದಳು. “ಯಾವತ್ತಾದ್ರೂ ಅದು ನಿಂತಿರೋದು ಕಂಡ್ರೆ ಕೂಗಬೇಡಿ, ನನ್ನನ್ನ ಕರೀಬೇಡಿ, ಯಾರು ಮಾಡಿದ್ದು ಅಂತ ಪಂಚಾಯಿತಿ ಬೇಡ. ಎರಡೂ ಕೈಯಲ್ಲಿ ಎತ್ತಿ, ಮಗು ಮಲಗಿಸೋ ಹಾಗೆ ಮಲಗಿಸಿಬಿಡಿ. ಅಷ್ಟೇ.”

ಇಷ್ಟು ವರ್ಷದಲ್ಲಿ ಆ ನಿಯಮಕ್ಕೆ ಒಮ್ಮೆಯೂ ಕೆಲಸ ಬಿದ್ದಿರಲಿಲ್ಲ.

ಆ ಶುಕ್ರವಾರ ಅಪ್ಪನ ಫೋನು ಬಂತು. “ಭಾನುವಾರ ಊಟಕ್ಕೆ ಬರ್ತೀನಿ. ಬಾಟಲಿ ತೆಗೆಯೋಣ. ಈಗಲೇ ಹೋಗಿ ಅದನ್ನ ಎಬ್ಬಿಸಿ ನಿಲ್ಲಿಸು.”

“ನಿಲ್ಲಿಸೋದಾ?” ಅವಳಿಗೆ ದೇವರ ಪಟ ತಿರುಗಿಸಿಡು ಎಂದಂತಾಯಿತು.

“ಹೂಂ. ವಯಸ್ಸಾದ ಕೆಂಪು ವೈನಿನಲ್ಲಿ ಗಸಿ ಕಟ್ಟಿರುತ್ತೆ. ಮಲಗಿದ್ದಾಗ ಪಕ್ಕೆಗೆ ಹತ್ತಿರುತ್ತೆ. ನಿಲ್ಲಿಸಿದರೆ ಮೆಲ್ಲಗೆ ತಳಕ್ಕೆ ಇಳಿಯುತ್ತೆ. ಒಂದು ಸಲ ನಿಲ್ಲಿಸಿದ ಮೇಲೆ ನಾನು ಬರೋವರೆಗೂ ಮುಟ್ಟಬೇಡ. ಮತ್ತೆ ಮಲಗಿಸಿ ಎಬ್ಬಿಸಿ ಮಾಡಿದರೆ ಕದಡಿ ರಾಡಿಯಾಗುತ್ತೆ. ಮನೆಯಲ್ಲೆಲ್ಲ ಡಂಗುರ ಹೊಡೀಬೇಡ, ಎಲ್ಲರೂ ಬಾಗಿಲು ತೆಗೆದು ತೆಗೆದು ಇಣುಕ್ತಾರೆ.”

ಡಂಗುರ ಹೊಡೆಯುವ ಸ್ವಭಾವದವಳೇ ಅವಳು. ಆದರೆ ಇದು ಅಪ್ಪ ಇಟ್ಟ ಕೊನೆಯ ಪರೀಕ್ಷೆ. ಅಪ್ಪ ಊಟಕ್ಕೆ ಬರುವುದನ್ನಷ್ಟೇ ಮನೆಯವರಿಗೆ ಹೇಳಿ, ತುಟಿ ಬಿಗಿದುಕೊಂಡು ಒಳಗೆ ಹೋದಳು. ಉಸಿರು ಹಿಡಿದು ಬಾಟಲಿಯನ್ನು ಎತ್ತಿ, ಅದೇ ಖಾನೆಯಲ್ಲಿ ನಿಲ್ಲಿಸಿ, ಬೀರು ಮುಚ್ಚಿದಳು. ಮಲಗಿದ್ದ ಜಾಗದಲ್ಲಿ ಹಳೆಯ ಉಣ್ಣೆ ಬಟ್ಟೆಯ ಮೇಲೆ ಉದ್ದನೆಯ ಗುಳಿ ಬಿದ್ದಿತ್ತು, ಮಗು ಎದ್ದುಹೋದ ತೊಟ್ಟಿಲಿನ ಹಾಗೆ.

ಶನಿವಾರ ಬೆಳಿಗ್ಗೆ ಅತ್ತೆ ಹಾಸಿಗೆಯ ಬಟ್ಟೆಗೆಂದು ಬೀರು ತೆರೆದರು.

ಮಧ್ಯಾಹ್ನ ಹೊಲಿಗೆಯವಳು ಒಂದು ಸಲ ಇಣುಕಿದಳು. ಬಾಟಲಿ ಮಲಗಿತ್ತು. ಗುಳಿಯಲ್ಲಿ ಸರಿಯಾಗಿ, ಶಾಲನ್ನು ಕತ್ತಿನವರೆಗೆ ಹೊದ್ದುಕೊಂಡು.

ನಿನ್ನೆ ನಿಲ್ಲಿಸಿದ್ದು ಕನಸೋ? ಕೆಲಸದ ಗಡಿಬಿಡಿಯಲ್ಲಿ ನಿಲ್ಲಿಸಬೇಕು ಎಂದುಕೊಂಡು ಹಾಗೆಯೇ ಬಂದುಬಿಟ್ಟೆನೋ? ಒಲೆಯ ಮೇಲೆ ಇಟ್ಟಿದ್ದೇನೆಂದುಕೊಂಡ ಹಾಲು ಫ್ರಿಡ್ಜಿನಲ್ಲೇ ಇರುವುದು ಅವಳ ಬದುಕಿನಲ್ಲಿ ಹೊಸದೇನಲ್ಲ. ಹಣೆ ಬಡಿದುಕೊಂಡು ಮತ್ತೆ ನಿಲ್ಲಿಸಿದಳು. ಊಟದ ಹೊತ್ತಿನಲ್ಲಿ ಅತ್ತೆ ಯಾಕೋ ಅವಳನ್ನೇ ಕನಿಕರದಿಂದ ನೋಡಿ, ತಮ್ಮ ತಟ್ಟೆಯ ಹಣ್ಣನ್ನು ಅವಳ ತಟ್ಟೆಗೆ ಹಾಕಿದರು. “ನಿನಗೆ ಆಯಾಸ ಜಾಸ್ತಿಯಾಗಿದೆ ಕಣಮ್ಮ. ಏನೂ ಯೋಚನೆ ಮಾಡಬೇಡ, ಎಲ್ಲ ಸರಿಯಾಗಿದೆ.”

ಸಂಜೆ ಗಂಡ ಕೆಲಸದಿಂದ ಬಂದು ಅಂಗಿ ತೆಗೆದುಕೊಳ್ಳಲು ಬೀರುವಿಗೆ ಹೋದ. ಅವನು ಹೊರಬಂದ ಮೇಲೆ ಇವಳು ಹೋಗಿ ನೋಡಿದರೆ ದೊಡ್ಡವರು ಮತ್ತೆ ಮಲಗಿದ್ದಾರೆ!

“ರೀ, ಬೀರುವಲ್ಲಿ ಏನಾದ್ರೂ ಮುಟ್ಟಿದ್ರಾ?”

“ನಾನಾ? ಅಂಗಿ ಬಿಟ್ಟು ಬೇರೇನು ಮುಟ್ಟಲಿ? ನೀನು ಸುಮ್ಮನೆ ತಲೆ ಕೆಡಿಸ್ಕೋಬೇಡ. ಒಂದು ಲೋಟ ಕಾಫಿ ನಾನೇ ಮಾಡಿಕೊಡ್ಲಾ?”

ಮದುವೆಯಾದ ಮೇಲೆ ಅವನಾಗಿಯೇ ಕಾಫಿ ಮಾಡುತ್ತೇನೆ ಎಂದದ್ದು ಅವಳ ಹೆರಿಗೆಯಾದಾಗ ಮಾತ್ರ. ಜೀವಮಾನವೆಲ್ಲ ಮಲಗಿದ ಬಾಟಲಿ, ನಿಲ್ಲಿಸಿದರೆ ಕಾಲು ನಿಲ್ಲದೆ ತಾನೇ ಮಲಗಿಬಿಡುತ್ತದೆಯೇ? ಅಕ್ಕಪಕ್ಕ ಹಳೆಯ ಕಂಬಳಿ ಒತ್ತಿ, ಆಸ್ಪತ್ರೆಯಲ್ಲಿ ರೋಗಿಗೆ ದಿಂಬು ಕೊಟ್ಟು ಕೂರಿಸಿದಂತೆ ಮೂರನೆಯ ಸಲ ನಿಲ್ಲಿಸಿದಳು.

ಭಾನುವಾರ ಬೆಳಿಗ್ಗೆ ಮಗಳು ಬೀರು ತೆರೆದಳು, ಮುಚ್ಚಿದಳು, ಅಡುಗೆಮನೆಗೆ ಬಂದು ಹಿಂದಿನಿಂದ ಅಮ್ಮನನ್ನು ಅಪ್ಪಿಕೊಂಡಳು. “ಅಮ್ಮಾ, ತಾತ ಬರ್ತಾರೆ ಅಂತ ಹೆದರ್ಕೋಬೇಡ. ನಾನಿದ್ದೀನಿ.”

ಅಷ್ಟರಲ್ಲಿ ಬಾಗಿಲ ಗಂಟೆ ಬಡಿಯಿತು.

ಅಪ್ಪ ಬಂದವರು ಕೈಕಾಲು ತೊಳೆದು, ಬೀಗಿತ್ತಿಯ ಯೋಗಕ್ಷೇಮ ಕೇಳಿ, ಮೊಮ್ಮಗಳ ತಲೆ ಸವರಿ, ಜೇಬಿನಿಂದ ಟಾರ್ಚು ತೆಗೆದರು. ನೆಲ ಎಚ್ಚರವಾಗದಂತೆ ನಡೆದು ಬೀರುವಿನ ಬಳಿ ಹೋದರು. ಹಿಂದೆಯೇ ಇಡೀ ಮನೆ ಹೋಯಿತು. ಬಾಗಿಲು ತೆರೆದರೆ ಬಾಟಲಿ ಶಾಲು ಹೊದ್ದು ಸುಖನಿದ್ರೆಯಲ್ಲಿತ್ತು.

“ನಿಲ್ಲಿಸು ಅಂದಿದ್ದೆನಲ್ಲಾ?”

“ನಿಲ್ಲಿಸಿದ್ದೆ ಅಪ್ಪಾ, ದೇವರಾಣೆಗೂ ನಿಲ್ಲಿಸಿದ್ದೆ.”

ಅಪ್ಪ ಬಾಟಲಿಯನ್ನು ಎತ್ತಿ ಅದರ ಹಿಂದೆ ಟಾರ್ಚು ಹಿಡಿದರು. ಗಾಜಿನೊಳಗೆ ಎಮ್ಮೆ ಈಗಷ್ಟೇ ಎದ್ದುಹೋದ ಕೆರೆಯಂತೆ ಗಸಿ ಗಿರಗಿರ ತಿರುಗುತ್ತಿತ್ತು. ಅವರು ಬಹಳ ಹೊತ್ತು ನೋಡಿದರು. ಬೈಯಲಿಲ್ಲ. ಟಾರ್ಚು ಆರಿಸಿ ಒಂದೇ ಮಾತು ಹೇಳಿದರು:

“ಬಿರುಗಾಳಿ.”

ಹೊಲಿಗೆಯವಳ ಕಣ್ಣು ತುಂಬಿಬಂತು. ಇಷ್ಟು ವರ್ಷ ತುದಿಗಾಲಲ್ಲಿ ನಡೆದದ್ದೆಲ್ಲ ಒಂದೇ ಹೆಸರಿಗೆ ಕೊಚ್ಚಿಹೋಯಿತು.

ಅದನ್ನು ನೋಡಲಾಗಲಿಲ್ಲ ಅತ್ತೆಗೆ. “ಬೀಗರೇ, ಅವಳನ್ನ ಏನೂ ಅನ್ನಬೇಡಿ. ಪಾಪ, ನೀವು ಬರೋ ಗಾಬರಿಯಲ್ಲಿ ಮರೆತು ನಿಲ್ಲಿಸಿಬಿಟ್ಟಿದ್ದಳು. ನಾನು ನಿನ್ನೆ ಬೆಳಿಗ್ಗೆಯೇ ನೋಡಿ, ಯಾರಿಗೂ ಗೊತ್ತಾಗದ ಹಾಗೆ ಮಲಗಿಸಿದ್ದೀನಿ.”

“ಏನಂದ್ರಿ ಅತ್ತೆ?”

“ಬೆಳಿಗ್ಗೆ ನೀನು ಮಲಗಿಸಿದ್ಯಾ ಅಮ್ಮಾ?” ಎಂದ ಗಂಡ. “ಹಾಗಾದ್ರೆ ಸಂಜೆ ನಾನು ಮಲಗಿಸಿದ್ದು ಯಾವುದು?”

“ಅಯ್ಯೋ ಅಪ್ಪಾ!” ಮಗಳು ಬಾಯಿ ಮುಚ್ಚಿಕೊಂಡಳು. “ನಾನು ಇವತ್ತು ಮಲಗಿಸಿದ್ದು!”

“ಅಲ್ರೋ, ಮನೆಹಾಳರಾ, ಒಬ್ಬರಾದ್ರೂ ನನ್ನ ಹತ್ರ ಬಾಯಿ ಬಿಡಬಾರದಿತ್ತಾ?” ಎಂದು ಹೊಲಿಗೆಯವಳು ಎಲ್ಲರನ್ನೂ ಒಟ್ಟಿಗೆ, ಅತ್ತೆಯನ್ನೂ ಸೇರಿಸಿಯೇ, ಬೈದಳು.

“ನೀನೇ ಹೇಳಿಕೊಟ್ಟಿದ್ದಲ್ವಾ?” ಮಗಳು ಕೈಕಟ್ಟಿ ನಿಂತು ಶಾಲೆಯಲ್ಲಿ ಒಪ್ಪಿಸುವಂತೆ ಒಪ್ಪಿಸಿದಳು: “ಕೂಗಬೇಡಿ, ಕರೀಬೇಡಿ, ಪಂಚಾಯಿತಿ ಬೇಡ...”

“ಮಗು ಮಲಗಿಸೋ ಹಾಗೆ” ಎಂದು ಗಂಡ ಮುಗಿಸಿದ. “ನಾನು ಜೋಗುಳ ಒಂದು ಹಾಡಲಿಲ್ಲ ಅಷ್ಟೇ.”

ಅಪ್ಪನ ಮೀಸೆ ಒಂದು ಸಲ ಅಲ್ಲಾಡಿದ ಹಾಗೆ ಕಂಡಿತು. ಆದರೆ ಅವರು ನಕ್ಕರೆಂದು ಹೇಳುವಂತಿರಲಿಲ್ಲ. “ಆಯ್ತು. ವೈನ್ ಕೆಟ್ಟಿಲ್ಲ, ಕದಡಿದೆ. ಊಟ ಮಾಡೋಣ. ಇದು ಸಂಜೆವರೆಗೆ ನಿಂತಿರಲಿ, ಎಷ್ಟು ಇಳಿಯುತ್ತೋ ಇಳೀಲಿ. ನಾನು ಕೊನೇ ರೈಲಿಗೆ ಹೋಗ್ತೀನಿ. ಅಲ್ಲೀವರೆಗೆ ಈ ಕೋಣೆಗೆ ಯಾರೂ ಬರಕೂಡದು. ನಿಮ್ಮನ್ನ ಯಾರನ್ನೂ ನಂಬೋ ಹಾಗಿಲ್ಲ. ನಾನೇ ಕಾಯ್ತೀನಿ.”

ಬಾಟಲಿಯನ್ನು ಕೋಣೆಯ ಮೇಜಿನ ಮೇಲೆ ನಿಲ್ಲಿಸಿ, ಶಾಲನ್ನು ಪಕ್ಕದಲ್ಲಿಟ್ಟು, ಕಿಟಕಿಯ ಪರದೆ ಎಳೆದರು. ಊಟ ಮುಗಿಸಿ ಬಂದು ಅದರ ಎದುರಿಗೆ ಕುರ್ಚಿ ಹಾಕಿಕೊಂಡು, ಬ್ಯಾಂಕಿನ ಕಾವಲುಗಾರನಂತೆ ಕೂತರು. ಹೊಟ್ಟೆ ತುಂಬಿತ್ತು, ಕೋಣೆ ತಂಪಾಗಿತ್ತು, ಅರೆಗತ್ತಲೆಯಿತ್ತು. ಕೆಲಸದ ಜಾಗದ ಹಾಗೆಯೇ ಇತ್ತು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು.

ಹೊಲಿಗೆಯವಳು ಪಡಸಾಲೆಯಲ್ಲಿ ಮೆಷಿನ್ನಿನ ಮುಂದೆ ಕೂತಿದ್ದಳು. ಹೊಲಿಯುವಂತಿಲ್ಲ, ಸದ್ದಾಗುತ್ತದೆ. ಗುಂಡಿಗಳನ್ನು ಬಣ್ಣ ಬಣ್ಣ ಬೇರೆ ಮಾಡುತ್ತಿದ್ದಳು. ಮೊದಲಿಗೆ ಅತ್ತೆಯ ಮೇಲೆ ಸಿಟ್ಟು ಬಂತು, ಆಮೇಲೆ ಗಂಡನ ಮೇಲೆ, ಆಮೇಲೆ ಮಗಳ ಮೇಲೆ. ಸಿಟ್ಟು ಒಂದು ಸುತ್ತು ಹೊಡೆದು ಬರುವಷ್ಟರಲ್ಲಿ, ಮೂವರೂ ತನ್ನ ಮಾನ ಉಳಿಸಲೆಂದೇ ಕಳ್ಳರ ಹಾಗೆ ಬೀರು ತೆರೆದಿದ್ದಾರೆ ಎಂಬುದು ಹೊಳೆದು, ಕೈಯಲ್ಲಿದ್ದ ಕೆಂಪು ಗುಂಡಿಗಳೆಲ್ಲ ನೀಲಿಯ ಡಬ್ಬಿಗೆ ಬಿದ್ದವು.

ಆಗ ಗೊರಕೆ ನಿಂತಿತು. ಕುರ್ಚಿ ಕಿರ್ ಎಂದಿತು. ಅವಳು ಕತ್ತು ಚಾಚಿ ನೋಡಿದಳು.

ಅಪ್ಪ ಎದ್ದಿದ್ದರು. ಎದ್ದಿದ್ದರು ಎನ್ನುವುದಕ್ಕಿಂತ ಅವರ ಕಾಲು ಎದ್ದಿದ್ದವು. ಕಣ್ಣಿನ್ನೂ ಅರ್ಧ ಮುಚ್ಚಿತ್ತು. ನೆಲಮಾಳಿಗೆಯಲ್ಲಿ ಗಸ್ತು ತಿರುಗುವವರಂತೆ ನಾಲ್ಕು ಹೆಜ್ಜೆ ಹಾಕಿದರು. ಮೇಜಿನ ಬಳಿ ನಿಂತರು. ನಿಂತಿದ್ದ ಬಾಟಲಿಯನ್ನು ಕಂಡು ನಾಲಿಗೆ ಲೊಚಗುಟ್ಟಿದರು.

“ಯಾರಪ್ಪಾ ಇದನ್ನ ಹೀಗೆ ನಿಲ್ಲಿಸಿದ್ದು? ಬುದ್ಧಿ ಬೇಡವಾ?” ಎಂದು ಗೊಣಗಿ, ಎರಡೂ ಕೈಯಲ್ಲಿ ಎತ್ತಿ, ಪಕ್ಕದಲ್ಲಿದ್ದ ಶಾಲಿನ ಮೇಲೆ ಮೆಲ್ಲಗೆ ಮಲಗಿಸಿ, ಉರುಳದಂತೆ ಅಂಚನ್ನು ಮಡಿಸಿ, ಒಮ್ಮೆ ಸವರಿ, ಹೋಗಿ ಕುರ್ಚಿಯಲ್ಲಿ ಕೂತರು. ಗೊರಕೆ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಯಿತು.

ಹೊಲಿಗೆಯವಳು ಎರಡೂ ಕೈಯಲ್ಲಿ ಬಾಯಿ ಒತ್ತಿಕೊಂಡಳು. ನಗು ಮೂಗಿನಿಂದ ಬರುತ್ತಿತ್ತು. ಕಾಲ ತುದಿಯಲ್ಲಿ ಹೋಗಿ ಮೊದಲು ಗಂಡನ ತೋಳು ಜಗ್ಗಿ ಕರೆತಂದಳು, ಆಮೇಲೆ ಮಗಳನ್ನು. ಅತ್ತೆಯನ್ನು ಹಾಸಿಗೆಯಿಂದ ಎಬ್ಬಿಸಿಯೇ ತಂದಳು. ನಾಲ್ವರೂ ಹೊಸ್ತಿಲಲ್ಲಿ ಸಾಲಾಗಿ ನಿಂತು ನೋಡಿದರು. ಅತ್ತೆ ಪಿಸುಗುಟ್ಟಿದರು: “ನನಗಿಂತ ಚೆನ್ನಾಗಿ ಮಲಗಿಸಿದ್ದಾರೆ ಕಣೇ, ಅಂಚು ಮಡಿಸಿದ್ದು ನೋಡು.”

ಗಂಡನಿಗೆ ತಡೆಯಲಾಗಲಿಲ್ಲ. ಬಸ್ಸಿನ ಹಾರನ್ನಿನಂತೆ ನಗು ಹೊರಟಿತು.

ಅಪ್ಪ ಗಡಬಡಿಸಿ ಕಣ್ಣು ಬಿಟ್ಟರು. ಮೇಜು ನೋಡಿದರು. “ಯಾರು? ಯಾರು ಮಲಗಿಸಿದ್ದು? ಇಲ್ಲೇ ಕೂತಿದ್ದೀನಲ್ಲ ನಾನು!”

ನಾಲ್ಕು ಜೊತೆ ಕಣ್ಣುಗಳು ಅವರ ಕೈಗಳನ್ನೇ ನೋಡುತ್ತಿದ್ದವು. ಅವರೂ ನೋಡಿಕೊಂಡರು. ಬಲಗೈ ಬೆರಳಿಗೆ ಶಾಲಿನ ಒಂದು ಎಳೆ ಸುತ್ತಿಕೊಂಡಿತ್ತು.

“ಕೂಗಬೇಡಿ, ಕರೀಬೇಡಿ” ಎಂದಳು ಮೊಮ್ಮಗಳು ಮೆಲ್ಲಗೆ. “ತಾತನ್ನ ಯಾರೂ ಏನೂ ಅನ್ನಬೇಡಿ. ಪಾಪ, ಗಾಬರಿಯಲ್ಲಿ...”

ಆಗ ಮೇಸ್ತ್ರಿ ನಕ್ಕರು. ಅವರು ನಗುವುದನ್ನು ಹೊಲಿಗೆಯವಳು ನೋಡಿದ್ದೇ ಕಡಿಮೆ. ಹೊಟ್ಟೆ ಕುಣಿಯಿತು, ಕುರ್ಚಿ ಕುಣಿಯಿತು, ಮೇಜಿನ ಕಾಲು ಅದುರಿ ಬಾಟಲಿಯೂ ಶಾಲಿನೊಳಗೆ ಹೊರಳಿತು. “ತೆಗಿ, ತೆಗಿ” ಎಂದರು ಕಣ್ಣೊರೆಸಿಕೊಳ್ಳುತ್ತ. “ಇನ್ನು ಇದನ್ನ ಕಾದರೆ ಇನ್ನೊಬ್ಬರು ಮಲಗಿಸ್ತಾರೆ. ಸೋಸಿ ಕುಡಿಯೋಣ. ನಿನ್ನ ಹತ್ರ ತೆಳು ಬಟ್ಟೆ ಏನಾದ್ರೂ ಇದೆಯಾ?”

ಬಟ್ಟೆಯೊಂದಕ್ಕೆ ಆ ಮನೆಯಲ್ಲಿ ಬರವೇ? ಯಾರದೋ ಕೂಸಿನ ಅಂಗಿಗೆಂದು ಇಟ್ಟಿದ್ದ ಹೊಸ ಮಲ್‌ಬಟ್ಟೆಯ ತುಂಡನ್ನು ಅವಳು ಕುದಿವ ನೀರಿನಲ್ಲಿ ಅದ್ದಿ ಹಿಂಡಿ ತಂದಳು. “ಸೋಪು ಹಾಕಿಲ್ಲ ತಾನೇ? ಹಾಕಿದ್ದರೆ ಸೋಪನ್ನೇ ಕುಡಿದ ಹಾಗೆ” ಎಂದು ಅಪ್ಪ ಮೂಸಿ ನೋಡಿ ಒಪ್ಪಿದರು. ಗಾಜಿನ ಹೂಜಿಯ ಬಾಯಿಗೆ ಬಟ್ಟೆ ಕಟ್ಟಿದರು.

ಅಪ್ಪ ಬಿರಡೆ ಕೀಳುವ ತಿರುಪನ್ನು ಮೆಲ್ಲಗೆ ಒಳಗೆ ಇಳಿಸಿದರು. ಹಳೆಯ ಬಿರಡೆ, ಒದ್ದೆ ಬ್ರೆಡ್ಡಿನಂತೆ ಮೆತ್ತಗಾಗಿತ್ತು. ಅರ್ಧ ಮುರಿದು ಬಂತು. ಉಳಿದ ಅರ್ಧವನ್ನು ಮತ್ತೆ ಮತ್ತೆ ಚುಚ್ಚಿ, ಕೊನೆಗೆ ಅಪ್ಪ ತಿರುಪನ್ನು ಅವಳ ಕಡೆ ಚಾಚಿದರು. “ನೀನು ತೆಗಿ. ನನ್ನ ಕೈ ಈಗ ಮಾತು ಕೇಳಲ್ಲ.”

“ನಾನಾ? ನಾನು ಬಿರುಗಾಳಿ ಅಪ್ಪಾ.”

“ಬಿರುಗಾಳಿ ಸೂಜಿಗೆ ದಾರ ಹಾಕ್ತಾ ಕೂತಿರೋದನ್ನ ನಾನೂ ನೋಡಿದ್ದೀನಿ. ಸುಮ್ಮನೆ ತೆಗಿ.”

ಅವಳು ಓರೆಯಾಗಿ ತಿರುಪು ಇಳಿಸಿ, ಉಸಿರು ಬಿಗಿಹಿಡಿದು, ಎಳೆದಳು. ಪುಸ್ ಎಂದು ಸಣ್ಣ ಸದ್ದಾಯಿತು. ಆಮೇಲೆ ಅಪ್ಪ ಹೇಳಿದಂತೆ ಬಾಟಲಿಯನ್ನು ಬಗ್ಗಿಸಿ, ನಡುವೆ ನಿಲ್ಲಿಸದೆ, ಒಂದೇ ಸಮನೆ ಎಳೆಯಾಗಿ ಸುರಿದಳು. ಕೊರಳಿನ ಕೆಳಗೆ ಮಗಳು ಟಾರ್ಚು ಹಿಡಿದಿದ್ದಳು. ದಟ್ಟ ಗಸಿ ಕೊರಳಿಗೆ ಬಂದೊಡನೆ ಅಪ್ಪ “ಸಾಕು” ಎಂದರು. ಹೂಜಿಯಲ್ಲಿ ಇಳಿದದ್ದು ಕನ್ನಡಿಯಷ್ಟು ತಿಳಿಯಾಗಿರಲಿಲ್ಲ, ಆದರೆ ಕೆರೆಯೂ ಆಗಿರಲಿಲ್ಲ. ನಡುವೆ ಮಾಣಿಕ್ಯದ ಕೆಂಪು, ಅಂಚಿನಲ್ಲಿ ಮಾತ್ರ ಹಳೆಯ ಇಟ್ಟಿಗೆಯ ಬಣ್ಣ.

ದೊಡ್ಡ ಗ್ಲಾಸುಗಳ ತಳದಲ್ಲಿ ಸ್ವಲ್ಪ ಸ್ವಲ್ಪ ಬಿತ್ತು.

“ಮಾವ, ಇಷ್ಟು ವರ್ಷ ಬೆಕ್ಕಿನ ಹಾಗೆ ನಡೆದದ್ದು ಇಷ್ಟಕ್ಕಾ?” ಎಂದ ಗಂಡ ಗ್ಲಾಸಿನೊಳಗೆ ಇಣುಕಿ.

“ಮೊದಲು ಮೂಸಿ ನೋಡು. ಉಳಿದ ಜಾಗ ಅದರ ವಾಸನೆಗೆ.”

ಮೂಸಿದರು. “ನನ್ನ ಮದುವೆ ಪೆಟ್ಟಿಗೆ ವಾಸನೆ” ಎಂದರು ಅತ್ತೆ. “ಅದೇ ಬೀಗ ಹಾಕಿ ಮರೆತಿದ್ದೆವಲ್ಲ, ಅದು.” ಗಂಡನಿಗೆ ಬಸ್ಸಿನ ಹಳೆಯ ಚರ್ಮದ ಸೀಟು ನೆನಪಾಯಿತು. ಅಪ್ಪ ಕಾಯಿರಿ ಎಂದರು. ಸ್ವಲ್ಪ ಹೊತ್ತು ಗಾಳಿಯಾಡಿದ ಮೇಲೆ ಪೆಟ್ಟಿಗೆಯ ವಾಸನೆ ಸರಿದು, ಒಣಗಿದ ಹಣ್ಣಿನದು ಬಂತು, ಮಳೆ ಬಿದ್ದ ಮಣ್ಣಿನದು ಬಂತು. ಗುಟುಕರಿಸಿದರೆ ನಾಲಿಗೆಯ ಮೇಲೆ ಹುಳಿಯಲ್ಲ, ಒಗರಲ್ಲ; ಜಗಳವಾಡಿ ಜಗಳವಾಡಿ ಕೊನೆಗೆ ಮೆತ್ತಗಾದ ಮುದುಕರ ಹಾಗೆ ಎಲ್ಲ ಒಂದರಲ್ಲೊಂದು ಸೇರಿಹೋಗಿತ್ತು. ಮಗಳು ಮಾತ್ರ ಕನ್ನಡಿಯ ಮುಂದೆ ಹೋಗಿ ಹಲ್ಲು ಕೆಂಪಾಯಿತೇ ಎಂದು ನೋಡಿಕೊಂಡಳು.

ಅಪ್ಪ ತಮ್ಮ ಗುಟುಕನ್ನು ಬಾಯಲ್ಲಿ ಬಹಳ ಹೊತ್ತು ಇಟ್ಟುಕೊಂಡಿದ್ದರು. ಹೊಲಿಗೆಯವಳು ಅವರ ಗಂಟಲನ್ನೇ ನೋಡುತ್ತಿದ್ದಳು.

“ಬಿಸಿ ತಾಗಿಲ್ಲ. ಬೆಳಕು ತಾಗಿಲ್ಲ. ಒಂದು ಹನಿ ಸೋರಿಲ್ಲ” ಎಂದರು. “ಮೊನ್ನೆವರೆಗೆ ಯಾರೂ ಇದನ್ನ ಅಲ್ಲಾಡಿಸಿಲ್ಲ. ಇದೇ ವರ್ಷದ್ದು ನಿಮ್ಮಣ್ಣನ ಹತ್ರ ಒಂದಿತ್ತು. ಅಡುಗೆಮನೆ ಅಟ್ಟದಲ್ಲಿ ಇಟ್ಟಿದ್ದ. ಹೋದ ವರ್ಷ ತೆಗೆದೆವು. ಅದನ್ನ ಗಿಡಕ್ಕೆ ಹಾಕಿದ, ಗಿಡವೂ ಹೋಯಿತು.”

ಅವಳಿಗೆ ನಗು ಬಂತು. ಅದರ ಹಿಂದೆಯೇ ಅಳುವೂ ಬಂದಂತಾಗಿ ಮಲ್‌ಬಟ್ಟೆಯಲ್ಲೇ ಮೂಗು ಒರೆಸಿಕೊಳ್ಳಹೊರಟು, ಅದು ವೈನಿನ ಬಟ್ಟೆಯೆಂದು ನೆನಪಾಗಿ ತಡೆದಳು.

ಅಪ್ಪ ಬಾಟಲಿಯನ್ನು ಎತ್ತಿಕೊಂಡರು. ತಳದಲ್ಲಿ ಉಳಿದಿದ್ದ ಕಪ್ಪು ಗಸಿಯನ್ನೆಲ್ಲ ಒಂದು ಗ್ಲಾಸಿಗೆ ಬಗ್ಗಿಸಿ, ಕೊನೆಯ ಹನಿಯವರೆಗೂ ತಟ್ಟಿ, ಅವಳ ಮುಂದೆ ಇಟ್ಟರು.

“ಕಾಪಾಡಿದವರ ಪಾಲು.”

ಹೊಲಿಗೆಯವಳು ಎರಡೂ ಕೈಯಲ್ಲಿ ಗ್ಲಾಸು ತೆಗೆದುಕೊಂಡಳು. ನೆಲಮಾಳಿಗೆಯ ಹೊಸ್ತಿಲಲ್ಲಿ ನಿಂತಿದ್ದ ಹುಡುಗಿ ಈಗ ಒಳಗೆ ಕಾಲಿಟ್ಟಳು. ಕಣ್ಣು ಮುಚ್ಚಿದಳು. ಒಂದೇ ಗುಟುಕಿಗೆ ಕುಡಿದಳು.

ಕಣ್ಣು ಮುಚ್ಚಿದ್ದು ಹಾಗೆಯೇ ಬಿಗಿಯಾಯಿತು. ಮುಖ ಹಿಂಡಿತು. ಹಲ್ಲಿನ ಸಂದಿಯಲ್ಲೆಲ್ಲ ಮರಳು, ನಾಲಿಗೆಯ ಮೇಲೆ ಕಹಿ, ಗಂಟಲಲ್ಲಿ ಇದ್ದಿಲಿನ ಪುಡಿ. ಉಗಿಯುವಂತಿಲ್ಲ, ಎಲ್ಲರೂ ನೋಡುತ್ತಿದ್ದಾರೆ. ನುಂಗಿದಳು.

“ಹೇಗಿದೆ?” ಅಪ್ಪ ಮುಂದಕ್ಕೆ ಬಾಗಿ ಕೇಳಿದರು.

“ಅಪ್ಪಾ... ಸುಳ್ಳು ಹೇಳಲಾ, ನಿಜ ಹೇಳಲಾ?”

“ನಿಜ ಹೇಳು.”

“ಕೆಸರು ಕುಡಿದ ಹಾಗಿದೆ.”

“ಹೌದಲ್ವಾ?” ಅಪ್ಪನ ಮುಖ ಅರಳಿತು, ಬಹಳ ವರ್ಷದ ಭಾರ ಇಳಿಸಿದವರಂತೆ ಕುರ್ಚಿಗೆ ಒರಗಿದರು. “ನನಗೂ ಹಾಗೇ ಇರುತ್ತೆ, ಮೊದಲಿನಿಂದಲೂ. ನಮ್ಮ ಹಿರಿಯ ಮೇಸ್ತ್ರಿ ಕಣ್ಣು ಮುಚ್ಚಿ ಕುಡಿಯೋರು, ನಾನೂ ಮುಚ್ಚಿದೆ. ನಿಮ್ಮಣ್ಣನೂ ಮುಚ್ಚಿದ. ಇದುವರೆಗೆ ಒಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ ಕಣಮ್ಮ!”

ಅವಳು ಓಡಿಹೋಗಿ ಬಾಯಿ ಮುಕ್ಕಳಿಸಿ ಬಂದಳು. ನೆಲ ಧಡಧಡ ಎಂದಿತು. ಇನ್ನು ಆ ಮನೆಯಲ್ಲಿ ಯಾರೂ ಮಲಗಿರಲಿಲ್ಲವಲ್ಲ. ಬಂದವಳೇ ಗಂಡನ ಕೈಹಿಡಿದೆಬ್ಬಿಸಿ, “ಏಳಿ, ಪಡಸಾಲೆಯಿಂದ ಮೆಷಿನ್ ಒಳಗೆ ತರೋಣ” ಎಂದಳು.

“ಈಗಲಾ?” ಎಂದ ಗಂಡ.

“ಸ್ವಲ್ಪ ತಡಿ” ಎಂದರು ಅಪ್ಪ, ತಮ್ಮ ಚೀಲದ ಬಾಯಿ ಬಿಚ್ಚುತ್ತ. ಒಳಗೆ ವೃತ್ತಪತ್ರಿಕೆ ಸುತ್ತಿದ ಉದ್ದನೆಯದೇನೋ ಇತ್ತು. “ಎರಡೂ ಕೈಯಲ್ಲಿ ಹಿಡ್ಕೋ. ಇದು ಈ ವರ್ಷದ್ದು.”

ಅತ್ತೆ ಯಾರೂ ಹೇಳದೆಯೇ ಎದ್ದು, ಶಾಲು ಕೊಡವಿ, ಬೀರುವಿನ ಕೆಳಗಿನ ಖಾನೆಯಲ್ಲಿ ಹಾಸಿದರು.